ಪ್ಯಾರಾಚೂಟಿನ ಪಟ್ಟಿ

ವಿಮಾನ ಗಾಳಿಗೆ ಸಿಕ್ಕಿ ಒಮ್ಮೆಲೇ ಕೆಳಗೆ ಕುಸಿಯಿತು. ಕಣ್ಣು ಬಿಟ್ಟು ನೋಡಿದರೆ ನನ್ನ ಎರಡೂ ಕೈಗಳು ಪಕ್ಕದ ಸೀಟಿನ ಹುಡುಗಿಯ ಚೀಲದ ಪಟ್ಟಿಯನ್ನು ಹಿಡಿದುಕೊಂಡಿದ್ದವು.

ಚೀಲದಲ್ಲಿದ್ದದ್ದು ಪ್ಯಾರಾಚೂಟ್. ಆಕಾಶದಿಂದ ಜಿಗಿಯುವ ಆಟಕ್ಕೆ ದೆಹಲಿಗೆ ಹೊರಟಿದ್ದ ಗೌರಿಬಿದನೂರಿನ ಆ ಹುಡುಗಿ, ಲಗೇಜಿಗೆ ಹಾಕಿದರೆ ಎತ್ತಿ ಎಸೆಯುತ್ತಾರೆಂದು ಅದನ್ನು ಕಾಲ ಬಳಿಯೇ ಇಟ್ಟುಕೊಂಡಿದ್ದಳು. ನನ್ನದು ರೇಷ್ಮೆ ವ್ಯಾಪಾರ; ಆ ಚಾಳಿಯಲ್ಲೇ, "ಬಟ್ಟೆ ರೇಷ್ಮೇದೇನಮ್ಮಾ?" ಎಂದು ಕೇಳಿದ್ದೆ. "ನೈಲಾನ್ ಅಂಕಲ್" ಎಂದು ನಕ್ಕಿದ್ದಳು.

ನನ್ನ ಇನ್ನೊಂದು ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ನಾಲ್ಕು ಜನರೆದುರು ಗಂಡನ ಕೈ ಹಿಡಿಯುವ ರೂಢಿ ತೊಂಬತ್ತರ ದಶಕದಲ್ಲೂ ನಮ್ಮ ಸಾದಲಿ ಕಡೆ ಇರಲಿಲ್ಲ. ಧಾರೆಯ ದಿನ ಬಿಟ್ಟರೆ ಅವಳು ಹಿಡಿದವಳೇ ಅಲ್ಲ. ಆದರೆ ಇಬ್ಬರಿಗೂ ಅದು ಮೊದಲ ವಿಮಾನ. ಮೇಲೇರುವಾಗ ಹೆದರಿ, ಸೆರಗಿನ ಮರೆಯಲ್ಲಿ ನನ್ನ ಕೈಯನ್ನು ಹಿಡಿದುಕೊಂಡವಳು ಬಿಟ್ಟಿರಲಿಲ್ಲ. ಆ ಕೈಯನ್ನು ಕೊಡವಿಕೊಂಡು ನಾನು ಚೀಲಕ್ಕೆ ಜೋತುಬಿದ್ದಿದ್ದೆ.

ಕುಲುಕಾಟ ನಿಂತ ಮೇಲೆ ಹುಡುಗಿ ಮೆಲ್ಲಗೆ, "ಬಿಡಿ ಅಂಕಲ್, ಏನೂ ಆಗಲ್ಲ" ಎಂದಳು. ಹೆಂಡತಿ ಖಾಲಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅದ್ರಲ್ಲಿ ಒಬ್ರೇ ಏನ್ರೀ ಇಳಿಯೋಕಾಗೋದು?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಪಟ್ಟಿಯಿಂದ ಕೈ ತೆಗೆದೆ.

ವಾಪಸು ಬಂದು ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವಾಗ ಬಸ್ಸು ಗುಂಡಿಗಿಳಿದು ಎಗರಿತು. ನಾನು ತಟ್ಟನೆ ಅವಳತ್ತ ಕೈ ಚಾಚಿದೆ. ಅವಳು ಆಗಲೇ ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದಳು.