ಉಪದೇಶಿಯ ಸೈಕಲ್ಲು, ಯೋಬಣ್ಣನ ಕಾಫಿ

ಭದ್ರಾವತಿಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಎದುರಿಗೇ ಒಂದು ಸಣ್ಣ ಚರ್ಚು. ಅದರ ಗಂಟೆ ಬಾರಿಸುವವರು ಯೋಬಪ್ಪ. ನಾನು ಯೋಬಣ್ಣ ಎನ್ನುತ್ತೇನೆ. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕ್ರೇನ್ ನಡೆಸಿ ನಿವೃತ್ತರಾದವರು. ಆ ಸದ್ದಿನ ನಡುವೆ ಕೂಗಿ ಕೂಗಿ ಅವರಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ. ‘ಊಟ ಆಯ್ತಾ’ ಎಂದು ಕೇಳಿದರೂ ಬೈದ ಹಾಗಿರುತ್ತದೆ. ನಾನು ವಿಭೂತಿ ಹಚ್ಚಿಕೊಂಡು ಅಂಗಡಿಯ ಬಾಗಿಲು ತೆಗೆಯುವವನು, ಅವರು ಪ್ರಾರ್ಥನೆ ಮಾಡಿ ಚರ್ಚಿನ ಗೇಟು ತೆಗೆಯುವವರು. ಇಬ್ಬರಿಗೂ ಸೇರಿ ಬರುವ ಪೇಪರ್ ಒಂದೇ. ಮೊದಲು ಯಾರು ಓದಬೇಕೆಂದು ದಿನವೂ ಜಗಳ.

ಅವರ ಕಥೆ ಹೇಳಬೇಕೆಂದರೆ ಮೊದಲು ಉಪದೇಶಿ ಸುವಾರ್ತಪ್ಪನವರ ವಿಷಯ ಹೇಳಬೇಕು. ಊರೂರು ತಿರುಗಿ ಬೋಧನೆ ಮಾಡುತ್ತಿದ್ದ ಹಿರಿಯರು. ಹಳೆಯ ಸೈಕಲ್ಲೊಂದರಲ್ಲಿ ಆಯನೂರಿನವರೆಗೂ ಹೋಗಿ ಬರುತ್ತಿದ್ದರು. ಅವರ ಬೋಧನೆ ಬಹಳ ಉದ್ದವಿರುತ್ತಿತ್ತಂತೆ, ಈಗ ಯಾರಿಗೂ ನೆನಪಿಲ್ಲ. ಅವರು ಹಾಕಿಕೊಟ್ಟ ಒಂದು ರೂಢಿ ಮಾತ್ರ ಉಳಿದಿದೆ.

ಚರ್ಚಿನಲ್ಲಿ ತಿಂಗಳಿಗೊಂದು ಭಾನುವಾರ, ಮತ್ತೆ ಹಬ್ಬಗಳಲ್ಲಿ, ಪ್ರಭುಭೋಜನ ನಡೆಯುತ್ತದೆ. ಎಲ್ಲರೂ ಮೊಣಕಾಲೂರಿ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಯಾರ ಮೇಲಾದರೂ ಮುನಿಸು ಇಟ್ಟುಕೊಂಡು ಅದನ್ನು ತೆಗೆದುಕೊಳ್ಳಬಾರದು ಎನ್ನುವುದು ನಿಯಮ. ಎಲ್ಲ ಕಡೆಯೂ ಇರುವ ನಿಯಮವೇ. ಆದರೆ ಸುವಾರ್ತಪ್ಪನವರು ಅದನ್ನು ಬಾಯಿಮಾತಿಗೆ ಬಿಡಲಿಲ್ಲ. ಹಿಂದಿನ ದಿನ, ಶನಿವಾರ, ಮನೆಮನೆಗೆ ಹೋಗಿ ಕೇಳುವರು: “ಯಾರ ಮನೆ ಕಾಫಿ ಕುಡಿಯೋದು ಉಳಿದಿದೆ?” ಮುನಿಸಿಕೊಂಡವನು ಎದುರಾಳಿಯ ಮನೆಗೆ ಹೋಗಿ, ತಪ್ಪು ಒಪ್ಪಿಕೊಂಡು, ಅವನ ಜೊತೆ ಕೂತು ಕಾಫಿ ಕುಡಿದು ಬರಬೇಕು. ಇಬ್ಬರೂ ಒಟ್ಟಿಗೇ ಕುಡಿಯಬೇಕು, ಒಬ್ಬ ಕುಡಿದು ಇನ್ನೊಬ್ಬ ನೋಡುತ್ತ ಕೂರುವುದಲ್ಲ. ವಿಮೋಚನೆ ಮೇಲಿನಿಂದ ಬರುತ್ತದೆ, ಆದರೆ ಬಾಗಿಲು ಮಾತ್ರ ಪಕ್ಕದ ಮನೆಯದು ಎನ್ನುತ್ತಿದ್ದರಂತೆ.

2009ರಲ್ಲಿ ಅವರು ತೀರಿಕೊಂಡ ಮೇಲೆ ಈ ಶನಿವಾರದ ಕೆಲಸವನ್ನು ಯೋಬಣ್ಣ ಕೈಗೆತ್ತಿಕೊಂಡರು. ಇವರ ಗಂಟಲಿಗೆ ಹೆದರಿಯೇ ಅರ್ಧ ಜನ ರಾಜಿಯಾಗುತ್ತಾರೆ. ಧರ್ಮ, ಜಾತಿ ಯಾವುದನ್ನೂ ನೋಡುವುದಿಲ್ಲ. ನನಗೂ ಪಕ್ಕದ ಅಂಗಡಿಯ ಗಂಗಾಧರಪ್ಪನವರಿಗೂ ಬೋರ್ಡಿನ ವಿಷಯಕ್ಕೆ ಮಾತು ನಿಂತಿತ್ತು. ಅವರ ಹೊಸ ಬೋರ್ಡು ನನ್ನ ಅಂಗಡಿಯ ಹೆಸರನ್ನು ಅರ್ಧ ನುಂಗಿತ್ತು. ಯೋಬಣ್ಣ ಬಂದು ನಿಂತರು.

“ಮಧು, ನಾಳಿದ್ದು ಈಸ್ಟರ್. ಗಂಗಾಧರಪ್ಪನ ಮನೆ ಕಾಫಿ ಕುಡಿದ್ಯಾ?”

“ನಾನು ಯಾಕೆ ಕುಡೀಲಿ ಯೋಬಣ್ಣ? ನಿಮ್ಮ ರೊಟ್ಟಿ ನಂಗೇನೂ ಬೇಕಾಗಿಲ್ಲ.”

“ರೊಟ್ಟಿ ಬೇಡ ಅಂದ್ರೆ ಬೇಡ. ಕಾಫಿ ಕುಡಿ.”

ನನಗೆ ರೇಗಿತು. “ಊರೋರನ್ನೆಲ್ಲ ಕಳಿಸ್ತೀರಲ್ಲ, ನೀವು ಯಾರ ಮನೆ ಕಾಫಿ ಕುಡೀಬೇಕು? ಅದನ್ನ ಹೇಳಿ ಮೊದ್ಲು.”

ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದಿದ್ದೆ. ಯೋಬಣ್ಣ ಸ್ಟೂಲ್ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದರು.

ಉಪದೇಶಿಗಳು ತೀರಿಕೊಂಡಾಗ ಅವರ ಸೈಕಲ್ಲು ಚರ್ಚಿನ ಶೆಡ್ಡಿನಲ್ಲಿ ಇರಲಿಲ್ಲ. ಅದಕ್ಕೂ ಮುಂಚೆ ಅದನ್ನು ರಿಪೇರಿಗೆ ತೆಗೆದುಕೊಂಡಿದ್ದವರು ಚರ್ಚಿನ ಪಕ್ಕ ಸೈಕಲ್ ಶಾಪ್ ಇಟ್ಟಿದ್ದ ಅಬ್ಬಾಸ್ ಅಲಿ, ಯೋಬಣ್ಣನ ಓರಗೆಯ ಗೆಳೆಯ. ಕೇಳಿದರೆ “ಅಯ್ಯನೋರೇ ತಗೊಂಡು ಹೋದ್ರು” ಎಂದಷ್ಟೇ ಹೇಳಿದರು. ಯೋಬಣ್ಣ ಭೂತಪ್ಪನ ಹೋಟೆಲಿನಲ್ಲಿ, ಎಲ್ಲರ ಮುಂದೆ, “ಸತ್ತವರ ಸೈಕಲ್ ತಿಂದ ಕಳ್ಳ” ಎಂದು ಕೂಗಿದರು. ಎರಡು ತಿಂಗಳಲ್ಲಿ ಅಬ್ಬಾಸ್ ಅಂಗಡಿ ಮುಚ್ಚಿಕೊಂಡು ಶಿವಮೊಗ್ಗದ ರಾಗಿಗುಡ್ಡಕ್ಕೆ ಹೋದರು.

2011ರಲ್ಲಿ ಸೊಪ್ಪು ಮಾರುವ ಹಾಲಮ್ಮ ಅದೇ ಸೈಕಲ್ಲನ್ನು ತಳ್ಳಿಕೊಂಡು ಸಂತೆಗೆ ಬಂದರು. ಸೀಟಿನ ಕೆಳಗೆ ಉಪದೇಶಿಗಳು ಬಣ್ಣದಲ್ಲಿ ಬರೆದಿದ್ದ ಪುಟ್ಟ ಶಿಲುಬೆ ಹಾಗೇ ಇತ್ತು. “ಆಸ್ಪತ್ರೆಗೆ ಹೋಗೋ ಹಿಂದಿನ ವಾರ ಕೊಟ್ರಣ್ಣ. ಯಾರಿಗೂ ಹೇಳ್ಬೇಡ ಅಂದಿದ್ರು” ಎಂದರಂತೆ ಹಾಲಮ್ಮ. ಉಪದೇಶಿಗಳು ಹಾಗೇ. ಕೊಟ್ಟದ್ದನ್ನು ಹೇಳಿಕೊಂಡರೆ ಕೊಟ್ಟದ್ದೇ ಹಾಳು ಎಂದು ನಂಬಿದ್ದವರು.

“ಆವತ್ತಿಂದ ರೊಟ್ಟಿ ಮುಟ್ಟಿಲ್ಲ ಮಧು. ಹದಿಮೂರು ವರ್ಷ. ಎಲ್ಲರೂ ತಗೊಂಡಾದ ಮೇಲೆ ಒಂದು ಸಲ ಗಂಟೆ ಹೊಡೀಬೇಕಲ್ಲ, ಆ ಹಗ್ಗ ಹಿಡ್ಕೊಂಡು ಬಾಗಿಲ ಹತ್ರ ನಿಂತುಬಿಡ್ತೀನಿ. ಗಂಟೆ ಕೆಲಸ ಕೇಳಿ ತಗೊಂಡಿದ್ದೇ ಅದಕ್ಕೆ. ಯಾರಿಗೂ ಗೊತ್ತಾಗ್ಲಿಲ್ಲ.” ಸ್ಟೂಲಿನಿಂದ ಎದ್ದು ಅಂದರು, “ಈ ಈಸ್ಟರ್‌ಗಾದ್ರೂ ತಗೋಬೇಕು. ನಂಗೂ ಅರವತ್ತೆಂಟಾಯ್ತು. ನಾಳೆ ಸ್ಕೂಟರ್ ತೆಗಿ, ರಾಗಿಗುಡ್ಡಕ್ಕೆ ಹೋಗೋಣ.”

ಶನಿವಾರ ಮೂರು ಗಂಟೆಗೆ ಹೋದೆವು. ಯೋಬಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾಲು ಕೆಜಿ ಕಾಫಿಪುಡಿಯನ್ನೂ ಕಟ್ಟಿಸಿಕೊಂಡಿದ್ದರು. ರಾಗಿಗುಡ್ಡದ ಬೀದಿಯಲ್ಲಿ ಆಗಲೇ ಸಮೋಸಾಕ್ಕೆ ಹಿಟ್ಟು ನಾದುತ್ತಿದ್ದರು, ಖರ್ಜೂರದ ರಾಶಿ ಹಾಕಿದ್ದರು. ಆದರೂ ನಮ್ಮಿಬ್ಬರ ತಲೆಗೆ ಹೊಳೆಯಲಿಲ್ಲ. ಅಬ್ಬಾಸ್ ಅವರ ಹೆಂಡತಿ ಸಲೀಮಾ ಬಾಗಿಲು ತೆಗೆದು ಕಾಫಿಪುಡಿಯ ಪೊಟ್ಟಣ ನೋಡಿ ನಕ್ಕಾಗಲೇ ಗೊತ್ತಾದದ್ದು: ರಂಜಾನ್ ತಿಂಗಳು. ಅಬ್ಬಾಸ್ ಉಪವಾಸ.

“ನಿಮಗೆ ಮಾಡ್ಕೊಡ್ತೀನಿ, ಕುಡೀರಿ. ಅದಕ್ಕೇನಂತೆ” ಎಂದರು ಸಲೀಮಾ.

“ಬೇಡ ತಾಯಿ. ಅವನು ಕುಡಿಯೋವಾಗ್ಲೇ ಕುಡೀತೀನಿ.”

ಸೂರ್ಯ ಮುಳುಗಲು ಇನ್ನೂ ಮೂರು ಗಂಟೆ ಇತ್ತು. ಯೋಬಣ್ಣ ನೀರನ್ನೂ ಮುಟ್ಟಲಿಲ್ಲ. ಅವರು ಮುಟ್ಟದ ಮೇಲೆ ನಾನು ಕೇಳುವುದು ಹೇಗೆ? ಯಾರದೋ ಸೈಕಲ್ಲಿಗಾಗಿ ನಾನು ಉಪವಾಸ ಕೂತೆ.

ಅಬ್ಬಾಸ್ ಎದುರಿಗೆ ಬಂದು ಕೂತರು. ಬಿಳಿಯ ಗಡ್ಡ, ಕೈಯಲ್ಲಿ ಗ್ರೀಸಿನ ಕಲೆ.

“ಅಬ್ಬಾಸು, ಆ ಸೈಕಲ್ ನೀನು ತಗೊಂಡಿರ್ಲಿಲ್ಲ” ಎಂದರು ಯೋಬಣ್ಣ. ಬೀದಿಗೆಲ್ಲ ಕೇಳಿಸಿತು.

“ಅದು ನಂಗೆ ಗೊತ್ತು” ಎಂದರು ಅಬ್ಬಾಸ್.

ನನಗೆ ನಗು ತಡೆಯಲಾಗಲಿಲ್ಲ. ಸಲೀಮಾ ಕೂಡ ಸೆರಗು ಬಾಯಿಗಿಟ್ಟುಕೊಂಡರು. ಆದರೆ ಯೋಬಣ್ಣ ನಗಲಿಲ್ಲ.

“ಹದಿಮೂರು ವರ್ಷದಿಂದ ನಂಗೂ ಗೊತ್ತು.”

ಅಬ್ಬಾಸ್ ಮುಖ ಗಂಟಿಕ್ಕಿದರು. “ಗೊತ್ತಿದ್ದೂ ಬರ್ಲಿಲ್ವಾ?”

“ನಾಚ್ಕೆ ಆಯ್ತು ಮಾರಾಯ. ಒಂದು ವರ್ಷ ತಡ ಮಾಡ್ದೆ. ಆಮೇಲೆ ಆ ಒಂದು ವರ್ಷಕ್ಕೂ ನಾಚ್ಕೆ ಆಯ್ತು.”

ಅಬ್ಬಾಸ್ ಕೈಯ ಗ್ರೀಸಿನ ಕಲೆಯನ್ನು ಉಜ್ಜಿಕೊಂಡರು. “ಹಾಲಮ್ಮನ ಸೊಪ್ಪಿನ ಬುಟ್ಟಿ ಕೂರೋ ಹಂಗೆ ಆ ಸೈಕಲ್‌ಗೆ ದೊಡ್ಡ ಕ್ಯಾರಿಯರ್ ವೆಲ್ಡಿಂಗ್ ಮಾಡಿದ್ದು ಯಾರು ಅಂದ್ಕೊಂಡಿದ್ದೀಯ? ನಾನೇ. ಯಾರಿಗೂ ಹೇಳ್ಬೇಡ ಅಬ್ಬಾಸ್ ಅಂದ್ರು ಅಯ್ಯನೋರು. ಹೂಂ ಅಂದೆ.”

“ನಾನು ಕಳ್ಳ ಅಂದಾಗಾದ್ರೂ ಹೇಳ್ಬಹುದಿತ್ತಲ್ಲ.”

“ಹೂಂ ಅಂದಿದ್ದು ಅವರ ಹತ್ರ. ಅವರು ಹೋಗ್ಬಿಟ್ರು. ಆ ಮಾತು ವಾಪಸ್ ಯಾರ ಹತ್ರ ಕೇಳ್ಲಿ?”

ಯೋಬಣ್ಣ ಅತ್ತುಬಿಟ್ಟರು. ಉಪದೇಶಿಯ ಮಾತು ಉಳಿಸಿಕೊಂಡವರು ಯಾರು ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಯೋಬಣ್ಣನ ಕಡೆ ಕೈ ತೋರಿಸುತ್ತಿದ್ದರು, ನಾನೂ ತೋರಿಸುತ್ತಿದ್ದೆ. ನಿಜವಾಗಿ ಅದನ್ನು ಉಳಿಸಿಕೊಂಡ ಮನುಷ್ಯ ಕಳ್ಳನೆನಿಸಿಕೊಂಡು ಇಲ್ಲಿ ಪಂಕ್ಚರ್ ಹಾಕುತ್ತಿದ್ದ. ಅಬ್ಬಾಸ್ ಅವರ ಮೇಲೆ ನನಗೆ ಬಂದ ಗೌರವ ಇಷ್ಟು ಅಷ್ಟು ಎಂದು ಹೇಳಲಾರೆ.

ಸಂಜೆ ಮಸೀದಿಯ ಕೂಗು ಕೇಳಿಸಿತು. ಖರ್ಜೂರ, ನೀರು, ಬಿಸಿಬಿಸಿ ಸಮೋಸಾ. ಆಮೇಲೆ ಮೂರು ಲೋಟ ಕಾಫಿ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿಕೊಂಡು ಒಟ್ಟಿಗೇ ಲೋಟ ಎತ್ತಿದರು. ನಾನು ಅಷ್ಟು ಹೊತ್ತು ಕಾಯಲಿಲ್ಲ, ನನ್ನದು ಆಗಲೇ ಮುಗಿದಿತ್ತು.

ಹೊರಡುವಾಗ ಅಬ್ಬಾಸ್ ಬಾಗಿಲವರೆಗೂ ಬಂದರು. “ಕಾಫಿ ಆಯ್ತು. ಆದ್ರೆ ಇಷ್ಟಕ್ಕೇ ಮುಗೀಲಿಲ್ಲ ಯೋಬಪ್ಪ. ನೀನು ಆವತ್ತು ಹೇಳಿದ್ದು ನಮ್ಮ ಮನೇಲಲ್ಲ, ಭೂತಪ್ಪನ ಹೋಟ್ಲಲ್ಲಿ. ನಾಳೆ ಬೆಳಿಗ್ಗೆ ಅಲ್ಲಿಗೆ ಬರ್ತೀನಿ.”

ದಾರಿಯುದ್ದಕ್ಕೂ ಯೋಬಣ್ಣ ಹಿಂದೆ ಕೂತು ನನ್ನ ಭುಜ ಹಿಡಿದುಕೊಂಡಿದ್ದರು. ಹಿಡಿತ ಬಿಗಿಯಾಗಿತ್ತು.

ಬೆಳಿಗ್ಗೆ ಏಳಕ್ಕೆ ಹೋಟೆಲು ತುಂಬಿತ್ತು. ಅಬ್ಬಾಸ್ ಹೇಳಿದ ಹಾಗೆ ಬಂದು ಕಂಬದ ಪಕ್ಕ ನಿಂತಿದ್ದರು. ಯೋಬಣ್ಣ ಎದ್ದು ನಿಂತು ಹೇಳಿದರು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

“ಏನಂದ್ರಿ?” ಎಂದರು ಗಲ್ಲಾದಲ್ಲಿದ್ದ ಭೂತಪ್ಪ.

“ಸೈಕಲ್ ವಿಷಯ...”

“ಯಾವ ಸೈಕಲ್?”

ಯಾರಿಗೂ ನೆನಪಿರಲಿಲ್ಲ. ಆವತ್ತು ಅಲ್ಲಿದ್ದವರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದವರು ಮರೆತಿದ್ದಾರೆ. ಯೋಬಣ್ಣ ಹದಿಮೂರು ವರ್ಷ ಹೆದರಿದ್ದು ಈ ಇಡ್ಲಿ ತಿನ್ನುವವರಿಗೆ. ಅವರು ಅಬ್ಬಾಸ್ ಕಡೆ ನೋಡಿದರು, ಇನ್ನು ಬಿಡೋಣವೇ ಎನ್ನುವಂತೆ.

“ನಂಗೆ ನೆನಪಿದೆ” ಎಂದರು ಅಬ್ಬಾಸ್. “ಜೋರಾಗಿ ಹೇಳು. ಆವತ್ತು ಹೇಳಿದ ಹಾಗೆ.”

ಯೋಬಣ್ಣ ಉಸಿರು ಎಳೆದುಕೊಂಡರು. “ಅಬ್ಬಾಸ್ ಅಲಿ ಕಳ್ಳ ಅಲ್ಲ. ಕಳ್ಳ ಅಂದಿದ್ದು ನಾನು. ತಪ್ಪು ನಂದು.” ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದವನು ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದ. ಅಬ್ಬಾಸ್ ತಲೆಯಾಡಿಸಿದರು. ಆಮೇಲೆ ಕಣ್ಣೊರೆಸಿಕೊಂಡು, “ಕಿವಿ ಹೋಯ್ತಲ್ಲೋ” ಎಂದರು.

ಒಂಬತ್ತಕ್ಕೆ ಚರ್ಚಿನಲ್ಲಿ ಆರಾಧನೆ. ಯೋಬಣ್ಣ ನನ್ನನ್ನು ಅಂಗಡಿಯಿಂದ ಎಳೆದುಕೊಂಡು ಹೋಗಿ ಹಗ್ಗವನ್ನು ಕೈಗೆ ಕೊಟ್ಟರು. “ಕೊನೆಯವರು ತಗೊಂಡ ಮೇಲೆ ಒಂದೇ ಸಲ ಎಳಿ. ಮೆತ್ತಗೆ.”

ಸಾಲು ಮುಂದೆ ಸಾಗುತ್ತಿತ್ತು. ಕೊನೆಯವರು ಯೋಬಣ್ಣ. ಮೊಣಕಾಲೂರಿದರು, ಎರಡೂ ಕೈ ಚಾಚಿದರು. ಮೂವತ್ತೆರಡು ವರ್ಷ ಕ್ರೇನ್ ನಡೆಸಿದ ಕೈಗಳಲ್ಲಿ ಒಂದು ಚೂರು ರೊಟ್ಟಿ. ಗೇಟಿನಾಚೆ ಅಬ್ಬಾಸ್ ನನ್ನ ಸ್ಕೂಟರಿಗೆ ಒರಗಿಕೊಂಡು ನೋಡುತ್ತಿದ್ದರು.

ನಾನು ಹಗ್ಗ ಎಳೆದೆ. ಒಂದು ಸಲವಲ್ಲ, ಎಷ್ಟು ಸಲ ಎಳೆದೆನೋ ಗೊತ್ತಿಲ್ಲ. ಮೆತ್ತಗಂತೂ ಎಳೆಯಲಿಲ್ಲ.

ಆಚೆ ಬಂದ ಯೋಬಣ್ಣ ಎಲ್ಲರ ಮುಂದೆ ನನ್ನನ್ನು ಬೈದರು. ಬೈದು ಮುಗಿಸಿ ಕೇಳಿದರು, “ಗಂಗಾಧರಪ್ಪನ ಮನೆಗೆ ಯಾವಾಗ ಹೋಗ್ತೀಯ?”

“ಈಗ್ಲೇ ಹೋಗ್ತೀನಿ ಯೋಬಣ್ಣ” ಎಂದೆ.