ಇಲ್ಲದ ಗ್ರಹದ ಗಡಿಗಳು

ನೆರೆಯ ದೇಶದ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಕಚೇರಿ ಮುಚ್ಚಿತು. ಊರಿಗೆ ಹೋಗುವ ದಾರಿ ತೆರೆಯುವವರೆಗೆ ಫಿಂಟಾಸಿನ ಫ್ಲ್ಯಾಟಿನಲ್ಲಿ ಇಬ್ಬರೇ ಇದ್ದೆವು: ಧಾರವಾಡ ಕಡೆಯ ನಾನು, ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಗೆಳೆಯ. ಅವನು ಅಕ್ಕಿ ಹುಡುಕಿ ತರುತ್ತಿದ್ದ. ನಾನು ಹೆದರಿಕೆ ಮರೆಯಲು ಕಂಪ್ಯೂಟರಿನಲ್ಲಿ ಗ್ರಹಗಳನ್ನು ಮಾಡುತ್ತಿದ್ದೆ.

ಪರದೆಯ ಮೇಲೆ ಹನ್ನೆರಡು ಚುಕ್ಕಿ ಎಲ್ಲೆಂದರಲ್ಲಿ ಬೀಳಬೇಕು, ಪ್ರತಿ ಚುಕ್ಕಿಯೂ ಅಕ್ಕಪಕ್ಕದ ಜಾಗ ನುಂಗುತ್ತ ಒಂದು ಭೂಫಲಕವಾಗಬೇಕು, ಎರಡು ಫಲಕ ಡಿಕ್ಕಿ ಹೊಡೆದಲ್ಲಿ ಪರ್ವತ ಏಳಬೇಕು. ಮೊದಲು ಗಡಿಗೆರೆಗಳು ಹೊಲದ ಬದುವಿನ ಹಾಗೆ ನೇರ ಬರುತ್ತಿದ್ದವು. ನಿಜವೆನಿಸಲಿ ಎಂದು ನಾಲ್ಕು ದಿನ ಕೂತು ಅಂಕುಡೊಂಕು ಮಾಡಿದೆ. ಚೆನ್ನಾಗಿ ಬಂದ ಒಂದನ್ನು ಪ್ರಿಂಟ್ ತೆಗೆದು ಗೋಡೆಗೂ ಅಂಟಿಸಿದೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ಒಂದು ಮಧ್ಯಾಹ್ನ ಮನೆ ಶೋಧಿಸಲು ಒಬ್ಬ ಅಧಿಕಾರಿ, ಮೂವರು ಸೈನಿಕರು ಬಂದರು. ಅಧಿಕಾರಿ ಗೋಡೆಯ ಮುಂದೆ ನಿಂತು ಗೆರೆಯ ಮೇಲೆ ಬೆರಳಿಟ್ಟ.

"ಹುದೂದ್?"

ಗಡಿಯೇ ಎಂದು ಕೇಳುತ್ತಿದ್ದ. ಕಚೇರಿಯಲ್ಲಿ ಲಾರಿಗಳ ಕಾಗದಪತ್ರ ನೋಡಿ ಕಲಿತ ಪದ. ನನ್ನ ಅರ್ಧಂಬರ್ಧ ಅರಬ್ಬಿಯಲ್ಲಿ ಗೊತ್ತಿರುವ ಪದ ಸಿಕ್ಕಿತೆಂದು ಹೌದೆಂದು ತಲೆಯಾಡಿಸಿಬಿಟ್ಟೆ. ಕುವೈತಿಗೆ ಇನ್ನು ಗಡಿಯೇ ಇಲ್ಲವೆಂದು ಸಾರಿದವರ ಮುಂದೆ ಗಡಿ ಬರೆದಿದ್ದೇನೆಂದು ಒಪ್ಪಿಕೊಂಡ ಹಾಗಾಯಿತು.

ಇದು ಆಟ, ಇಲ್ಲದ ಗ್ರಹ ಎಂದು ಗೆಳೆಯ ಅರಬ್ಬಿಯಲ್ಲಿ ವಿವರಿಸಿದ. ಅಧಿಕಾರಿ ನಂಬಲಿಲ್ಲ. ಯಂತ್ರವೇ ಬರೆದದ್ದಾದರೆ ಇದೇ ನಕ್ಷೆಯನ್ನು ಈಗಲೇ ಬರೆಸಲಿ, ಇಲ್ಲವಾದರೆ ಜೀಪು ಹತ್ತಲಿ ಎಂದ. ಪಕ್ಕದ ಕಟ್ಟಡದಿಂದ ಜೀಪು ಹತ್ತಿದವರು ಯಾರೂ ತಿರುಗಿ ಬಂದಿರಲಿಲ್ಲ.

ಚುಕ್ಕಿಗಳು ಗಡಿಯಾರದ ಸೆಕೆಂಡು ನೋಡಿಕೊಂಡು ಬೀಳುವಂತೆ ಪ್ರೋಗ್ರಾಂ ಬರೆದವನು ನಾನೇ. ಒಮ್ಮೆ ಬಂದ ಗ್ರಹ ಮತ್ತೆ ಬರುವಂತಿರಲಿಲ್ಲ.

"ಅದು ಹೊಳ್ಳಿ ಬರಂಗಿಲ್ಲೋ," ಎಂದು ಗೆಳೆಯನಿಗೆ ಪಿಸುಗುಟ್ಟಿದೆ.

"ಬಾಯಿ ಮುಚ್ಚಿ ಒತ್ತು ಮಾರಾಯ," ಎಂದ ಅವನು.

ಒತ್ತಿದೆ. ಬೇರೆಯೇ ಗ್ರಹ ಬಂತು. ಅಧಿಕಾರಿ ಪರದೆ ನೋಡಿದ, ಗೋಡೆ ನೋಡಿದ, ಇನ್ನೊಮ್ಮೆ ಎಂದ. ಮತ್ತೊಂದು ಬಂತು. ನಾಲ್ಕನೆಯದರಲ್ಲಿ ಪರ್ವತಗಳು ಬಣ್ಣ ತುಂಬಿಕೊಂಡು ಎದ್ದಾಗ ಅವನ ಮುಖದ ಬಿಗಿ ಸಡಿಲಿತು. ನಕ್ಷೆಯ ಮಾತೇ ಬಿಟ್ಟು ಯಂತ್ರದ ಬೆನ್ನು ತಟ್ಟಿದ. ಸೈನಿಕರು ಅದನ್ನು ಹೊತ್ತು ಕೆಳಗಿಳಿದರು. ನಾನು ಉಳಿದೆ.

ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕರೆಂಟಿನ ವೈರು ಮೇಜಿನ ಕೆಳಗೇ ಬಿದ್ದಿತ್ತು. ಯಂತ್ರ ಓಡದಿದ್ದರೆ ಮತ್ತೆ ಬಂದಾರೆಂದು ಹೆದರಿ, ಮೂರು ಮಹಡಿ ಇಳಿದು ಓಡಿ, ಜೀಪಿನೊಳಗೆ ಆ ವೈರನ್ನು ನಾನೇ ಕೊಟ್ಟೆ. ಸಾಲದ್ದಕ್ಕೆ ಥ್ಯಾಂಕ್ಸ್ ಎಂದೂ ಹೇಳಿ ಬಂದೆ.