ಬೆನ್ನು ಹಾಕಿ ಕಲಿತ ಕೆಲಸ

ಕಡೂರು ಸ್ಟೇಷನ್ ಹತ್ತಿರದ ಸೈಕಲ್ ಶಾಪಲ್ಲಿ ನಾನು ಪಂಕ್ಚರ್ ಹಾಕ್ತಿದ್ದಾಗ, ಸಿಂಗಟಗೆರೆಯಿಂದ ಒಬ್ಬರು ಕೆಲಸ ಕಲಿಯೋಕೆ ಬಂದರು. ಕಾಲೇಜು ಬಿಟ್ಟವರು, ಆಮೇಲೆ ಎರಡು ಅಂಗಡಿಯವರು ಬೇಡ ಅಂದು ಕಳಿಸಿದವರು. ಯಜಮಾನರು ಮಾತಾಡಿದರೆ ಈ ಅಣ್ಣ ಪೆಡಲ್ ನೋಡೋರು.

"ಮುಖ ನೋಡಯ್ಯಾ! ಏನು ಸೊಕ್ಕು! ನಾಳೆಯಿಂದ ಬರಬೇಡ," ಅಂತ ಒಂದು ದಿನ ಯಜಮಾನರು ರೇಗಿದರು.

ನನಗೆ ತಡೆಯಲಾಗಲಿಲ್ಲ. "ಯಾಕಣ್ಣ ನೋಡಲ್ಲ?"

"ಮುಖ ನೋಡಿದ್ರೆ ಮಾತು ಕೇಳಿಸಲ್ಲ ಕಣೋ. ಕಾಲೇಜಲ್ಲಿ ಮೇಷ್ಟ್ರ ಮುಖ ನೋಡಿ ನೋಡೇ ಫೇಲಾದೆ."

"ಯಜಮಾನ್ರೇ, ಬೆನ್ನು ಹಾಕಿ ಹೇಳಿ ನೋಡಿ," ಅಂದೆ. ನನ್ನ ಕುಚೇಷ್ಟೆ ಅಂತ ಗುರಾಯಿಸಿದರು. ಆದರೂ ತಿರುಗಿ ನಿಂತು, ಹಿಂದಿನ ಚಕ್ರ ಬಿಚ್ಚೋದು ಹೇಳಿದರು. ಅಣ್ಣ ಹೇಳಿದ ಹಾಗೇ ಬಿಚ್ಚಿ ಜೋಡಿಸಿದರು. ಕೆಲಸ ಉಳಿಯಿತು.

ಈಗ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿಯೇ ಮಾತಾಡ್ತಾರೆ. "ಜಗಳ ಏನೋ?" ಅಂತ ಗಿರಾಕಿಗಳು ನನ್ನ ಕಿವೀಲಿ ಕೇಳ್ತಾರೆ.

"ಆಸ್ತಿ ವಿಷಯ ಕಣ್ರೀ," ಅಂತೀನಿ.